ಐವತ್ತೈದು ಕೇಜಿ ವಿಭಾಗ

ಪಾಂಡವಪುರದ ಪಕ್ಕದ ಹಳ್ಳಿಯ ಚಲುವರಾಜು, ಒಂದು ಕೆಲಸಕ್ಕೂ ಸಂಬಳ ಪಡೆಯದೆ ಐದಾರು ಹುದ್ದೆಗಳನ್ನು ಅಲಂಕರಿಸಿದ ಮನುಷ್ಯ. ಮೊದಲು ಅವನು ಕಬಡ್ಡಿ ಆಟಗಾರನಾಗಿದ್ದ. ರೈಡಿಗೆ ಹೋದರೆ ಬರಿಗೈಲಿ ಬರುವವನಲ್ಲ. ಕೆ.ಆರ್. ಪೇಟೆಯ ಪಂದ್ಯವೊಂದರಲ್ಲಿ ಎದುರಿನವರೆಲ್ಲ ಒಟ್ಟಿಗೆ ಮೇಲೆ ಬಿದ್ದು ಮಂಡಿ ಚಿಪ್ಪು ಜಾರಿತು. ನಾಟಿ ವೈದ್ಯರು ಕಟ್ಟು ಕಟ್ಟಿದರು. ಕಾಲು ಕೂಡಿತು, ಆಟ ಕೂಡಲಿಲ್ಲ.

ಆಡಲಾಗದವನು ಆಡಿಸುವವನಾಗುವುದು ಲೋಕರೂಢಿ. ಚಲುವರಾಜು ಊರ ಹೈಸ್ಕೂಲಿಗೆ ಬಿಟ್ಟಿ ಡ್ರಿಲ್ ಮೇಷ್ಟ್ರಾದ. ಶ್ರೀರಂಗಪಟ್ಟಣದ ಪಂದ್ಯಗಳಿಗೆ ಅಂಪೈರಾದ. ತೊಂಬತ್ತೆರಡರಲ್ಲಿ ಯುವಕರ ಸಂಘ ಕಟ್ಟಿ ಅಧ್ಯಕ್ಷನೂ ಆದ. ಸಂಘಕ್ಕೆ ಮೈದಾನ ಸಿಗುವ ಮೊದಲೇ ಲೆಟರ್‌ಹೆಡ್ ಅಚ್ಚಾಗಿ ಬಂತು. ಅದರಲ್ಲಿ ಅವನ ಬಿರುದುಗಳು ಅರ್ಧ ಹಾಳೆ ತಿಂದು, ವಿಷಯ ಬರೆಯಲು ಮಿಕ್ಕರ್ಧ ಉಳಿಯುತ್ತಿತ್ತು. ಆದರೂ ನಾಲೆ ಸೇತುವೆಯ ಮೇಲೆ ಇಸ್ಪೀಟಾಡುತ್ತಿದ್ದ ಹುಡುಗರು ಬೆಳಗಾಗೆದ್ದು ಅಂಕಣಕ್ಕೆ ಬರತೊಡಗಿದ್ದು ಇವನಿಂದಲೇ. ಇಷ್ಟನ್ನು ಅವನಿಗಾಗದವರೂ ಒಪ್ಪುತ್ತಿದ್ದರು.

ಹಾಗೆ ಬಂದವರಲ್ಲಿ ಲೋಕೇಶ ಒಬ್ಬ. ಗಂಡ ಸತ್ತ ಮೇಲೆ ಬೈರಮ್ಮ ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಸಾಕಿದ ಒಬ್ಬನೇ ಮಗ. ಅವನ ಕಾಲಲ್ಲಿ ತನ್ನ ಹಳೆಯ ಕಾಲನ್ನೇ ಕಂಡು ಚಲುವರಾಜುವಿಗೆ ಎದೆ ತುಂಬಿತ್ತು. ‘ಇವನ್ನ ನಿನ್ ಕೈಗೆ ಆಕಿವ್ನಿ ಕಣಪ್ಪ’ ಎಂದಿದ್ದಳು ಬೈರಮ್ಮ.

ತೊಂಬತ್ತೇಳರ ಬೇಸಿಗೆಯಲ್ಲಿ ನಾಗಮಂಗಲದಲ್ಲಿ ಐವತ್ತೈದು ಕೇಜಿ ವಿಭಾಗದ ಪಂದ್ಯಾವಳಿ ಏರ್ಪಟ್ಟಿತು. ಜಿಲ್ಲೆಯ ಯುವಜನ ಒಕ್ಕೂಟದ ಹಿರಿಯರೆಲ್ಲ ಬರುವವರಿದ್ದರು, ಒಕ್ಕೂಟದ ಕಾರ್ಯದರ್ಶಿ ಸ್ಥಾನವೂ ಖಾಲಿ ಇತ್ತು. ತಂಡ ಗೆದ್ದರೆ ಆ ಸ್ಥಾನ ತನಗೇ ಎಂದು ಚಲುವರಾಜು ಮನಸ್ಸಿನಲ್ಲೇ ಹೊಸ ಲೆಟರ್‌ಹೆಡ್ ಅಚ್ಚು ಹಾಕಿಸಿದ್ದ. ತೊಡಕೊಂದೇ: ಲೋಕೇಶ ಎರಡು ಕೇಜಿ ಹೆಚ್ಚಿದ್ದ.

ಅದಕ್ಕೆ ನಮ್ಮ ಕಡೆಯ ಕಬಡ್ಡಿಯವರಲ್ಲಿ ಒಂದು ಉಪಾಯವಿತ್ತು. ಹುಡುಗನಿಗೆ ಕಂಬಳಿ ಸುತ್ತಿ ಆಲೆಮನೆಯ ಒಲೆಯ ಬಾಯಿಗೆ ಕೂರಿಸುವುದು, ಬೆವರಿಳಿಸುವುದು, ಆಮೇಲೆ ಬೆಲ್ಲ ತೂಗುವ ತಕ್ಕಡಿಯಲ್ಲೇ ನಿಲ್ಲಿಸಿ ನೋಡುವುದು. ಚಲುವರಾಜು ತಾನೂ ಹಾಗೆ ಕೂತು ಬೆಂದವನೇ. ಪಂದ್ಯದ ಹಿಂದಿನ ದಿನ ಲೋಕೇಶನನ್ನು ನರಸಯ್ಯನ ಆಲೆಮನೆಯಲ್ಲಿ ಕೂರಿಸಿದ. ನೀರು ಮುಟ್ಟಕೂಡದು ಎಂದ.

ಕೊಪ್ಪರಿಗೆಯ ಪಾಕ ಎರಡು ಸಲ ಅಚ್ಚಿಗೆ ಹೋಯಿತು. ಲೋಕೇಶನ ತುಟಿ ಒಡೆದಿತ್ತು.

‘ಅಣ್ಣ, ಒಂದ್ ಗುಟುಕು ಕುಡೀಲಾ?’

‘ತೂಕ ಆಗ್ಲಿ, ನಾಲೆನೇ ಕುಡಿವಂತೆ ಕಣ್ಲಾ. ಬ್ಯಾಡ ಅನ್ನೋರ್ ಯಾರು?’

ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ನರಸಯ್ಯ ತಲೆಯೆತ್ತಿದ. ‘ಸಾಕು ಎದ್ದೇಳ್ಸು ಚಲುವ. ಬೆಲ್ಲ ಆಗಿದ್ರೂ ಇಷ್ಟೊತ್ಗೆ ಇಳಿಸ್ಬುಡ್ತಿದ್ದೆ.’

ಆಲೆಮನೆಯಲ್ಲಿದ್ದವರೆಲ್ಲ ನಕ್ಕರು. ಲೋಕೇಶನೂ ನಗಲು ನೋಡಿದ.

ಮಾರನೆಯ ದಿನ ನಾಗಮಂಗಲದ ತೂಕದಲ್ಲಿ ಅವನು ಪಾಸಾದ. ಮೊದಲ ಪಂದ್ಯವೇ ಇವರದಾದ್ದರಿಂದ, ಹೊಟ್ಟೆ ತುಂಬಿದರೆ ಓಡಲಾರೆ ಎಂದು ಚಲುವರಾಜು ನೀರಿನ ಬದಲು ನಿಂಬೆ ಹೋಳು ಕೊಟ್ಟ. ಮೊದಲ ರೈಡಿನಲ್ಲಿ ಲೋಕೇಶ ಇಬ್ಬರನ್ನು ಮುಟ್ಟಿ ಬಂದ. ಎರಡನೆಯದರಲ್ಲಿ, ಎದುರಾಳಿಗಳ ಅಂಕಣದ ನಡುವೆ, ‘ಕಬಡ್ಡಿ ಕಬಡ್ಡಿ’ ಎನ್ನುತ್ತಿದ್ದ ದನಿ ತಟ್ಟನೆ ನಿಂತಿತು. ಕಬಡ್ಡಿಯಲ್ಲಿ ಉಸಿರು ನಿಂತರೆ ಔಟು. ಅಂಪೈರು ನಿಯಮದ ಪ್ರಕಾರ ಸೀಟಿ ಊದಿದ. ಯಾರೂ ಮುಟ್ಟದೆಯೇ ಲೋಕೇಶ ಕುಸಿದು ಬಿದ್ದ. ‘ಏಳ್ಲಾ, ನಾಟ್ಕ ಆಡ್ಬ್ಯಾಡ’ ಎಂದು ಗೆರೆಯಾಚೆಯಿಂದ ಕೂಗಿದವನು ಚಲುವರಾಜುವೇ.

ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಹುಡುಗ ಏನು ತಿಂದಿದ್ದ, ನೀರು ಕುಡಿದಿದ್ದನೇ, ಹಿಂದಿನ ದಿನ ಏನು ಮಾಡಿದ್ದ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಒಕ್ಕೂಟದ ಹಿರಿಯರು ಹಿಂದೆಯೇ ನಿಂತಿದ್ದರು. ಚಲುವರಾಜು ಗಂಟಲು ಸರಿಮಾಡಿಕೊಂಡು, ಚೆನ್ನಾಗಿ ಉಂಡಿದ್ದ, ಕುಡಿದಿದ್ದ, ಬಿಸಿಲು ಹೊಡೆದಿರಬೇಕು ಎಂದ. ಸಭೆಯಲ್ಲಿ ಮಾತಾಡುವಾಗಿನ ದನಿ ಅದು. ಡಾಕ್ಟರು ಬೇರೆ ಕಾಯಿಲೆ ಹುಡುಕತೊಡಗಿದರು.

ಹಿರಿಯರೆಲ್ಲ ಹೊರಟುಹೋದ ಮೇಲೆ, ಸಂಜೆ, ಅವನು ಡಾಕ್ಟರ ಕೋಣೆಗೆ ಹೋಗಿ ಒಲೆಯ ವಿಷಯ ಹೇಳಿದ. ಅವರು ಬೈಯಲಿಲ್ಲ. ‘ಇದನ್ನ ಮಧ್ಯಾಹ್ನವೇ ಹೇಳಬೇಕಿತ್ತಲ್ರೀ’ ಎಂದು ಎದ್ದು ಓಡಿದರು. ಬೆಳಗಾಗುವಷ್ಟರಲ್ಲಿ ಲೋಕೇಶ ತೀರಿಕೊಂಡಿದ್ದ.

ಬೈರಮ್ಮನಿಗೆ ಚಲುವರಾಜು ಬಿಸಿಲಿನ ಕತೆಯನ್ನೇ ಹೇಳಿದ. ಅವಳು ಅವನ ಮುಖವನ್ನೇ ನೋಡಿ, ‘ದನ ಮೇಯ್ಸ್ಕಂಡ್ ಬೆಳ್ದೋನ್ಗೆ ಬಿಸ್ಲಾ?’ ಎಂದಳು. ಮತ್ತೆ ಕೇಳಲಿಲ್ಲ.

ಹೆಣದ ಮುಂದೆ ಬಿಕ್ಕಿ ಬಿಕ್ಕಿ ಅತ್ತ ನಾಯಕನೆಂದು ಒಕ್ಕೂಟದವರು ಚಲುವರಾಜುವನ್ನೇ ಕಾರ್ಯದರ್ಶಿ ಮಾಡಿದರು. ಅವನು ಅತ್ತದ್ದು ಸುಳ್ಳಲ್ಲ, ಕುರ್ಚಿ ಬೇಡ ಎನ್ನಲೂ ಇಲ್ಲ. ಮರುವರ್ಷ ಊರಲ್ಲೇ ದಿವಂಗತ ಲೋಕೇಶ್ ಸ್ಮಾರಕ ಪಂದ್ಯಾವಳಿ ಎಂದಾಯಿತು. ವಿಭಾಗ ಅದೇ. ಆಹ್ವಾನಪತ್ರದಲ್ಲಿ ಸತ್ತವನ ಹೆಸರಿಗಿಂತ ಕಾರ್ಯದರ್ಶಿಗಳ ಹೆಸರು ದಪ್ಪಕ್ಷರದಲ್ಲಿತ್ತು.

ಪಂದ್ಯದ ಹಿಂದಿನ ದಿನ ತಕ್ಕಡಿ ಕೇಳಲು ಅವನು ನರಸಯ್ಯನ ಆಲೆಮನೆಗೆ ಹೋದ. ಒಲೆಯ ಮುಂದೆ ಸಂಘದ ಹುಡುಗರು ಸಾಲಾಗಿ ಕಂಬಳಿ ಹೊದ್ದು ಕೂತಿದ್ದರು. ಚಲುವರಾಜು ಕಂಬಳಿ ಕಿತ್ತೆಸೆದ, ಕೈಗೆ ಸಿಕ್ಕವನಿಗೆ ಎರಡು ಬಿಟ್ಟ. ಪೆಟ್ಟು ತಿಂದ ಹುಡುಗ ಕೆನ್ನೆ ಉಜ್ಜಿಕೊಂಡು ಕೇಳಿದ.

‘ಯಾಕಣ್ಣ ಒಡೀತೀಯ? ನೀನೇ ಯೋಳ್ಕೊಟ್ಟಿದ್ದಲ್ವಾ? ಲೋಕೇಶಣ್ಣನೂ ಇಂಗೇ ತೂಕ ಇಳಿಸಿದ್ನಂತೆ.’

ಚಲುವರಾಜು ತಕ್ಕಡಿ ಕೇಳದೆಯೇ ಅಲ್ಲಿಂದ ಹೊರಟ. ಆ ಹುಡುಗನಿಗೆ ಕೊಡಬಹುದಾದ ಉತ್ತರ ಒಂದೇ ಇತ್ತು. ಅದನ್ನು ಮೊದಲು ಕೇಳಬೇಕಾದವಳು ಬೇರೆ.

ಬೈರಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಒಲೆ, ನಿಂಬೆ ಹೋಳು, ಡಾಕ್ಟರ ಹತ್ತಿರ ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡಳು.

‘ನಂಗ್ಯಾಕ್ ಯೋಳ್ತೀಯ ಇದ್ನ? ನಂಗೇನ್ ಇನ್ನೊಬ್ಬ ಮಗ ಅವ್ನಾ? ಮಕ್ಳಿರೋರ್ಗೆ ಯೋಳೋಗು.’

ಮಾರನೆಯ ದಿನ ಚಲುವರಾಜು ಮೈಕು ಹಿಡಿದ. ವೇದಿಕೆಯ ಮೇಲಿರುವ ಗಣ್ಯರೇ ಎನ್ನದೆ, ದಿವಂಗತರ ಆತ್ಮ ಎನ್ನದೆ ಅವನು ಮಾಡಿದ ಮೊದಲ ಭಾಷಣ ಅದು. ನಾನು ಒಲೆಯ ಮುಂದೆ ಕೂರಿಸಿದೆ, ನೀರು ಕೊಡಲಿಲ್ಲ, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ, ಹುಡುಗ ಅದಕ್ಕೇ ಸತ್ತ ಎಂದ. ಒಕ್ಕೂಟದವರು ಸನ್ನೆ ಮಾಡಿದ್ದಕ್ಕೆ ಮೈಕಿನವನು ತಂತಿ ಕಿತ್ತ. ಉಳಿದದ್ದನ್ನು ಅವನು ಬರೀ ಗಂಟಲಲ್ಲಿ ಕೂಗಿ ಹೇಳಿದ. ಅಂಕಣದ ಆಚೆಯಿಂದ ಒಬ್ಬ ತಂದೆ ಎದ್ದು ಬಂದು, ಅವನ ಕಡೆ ಕಣ್ಣೆತ್ತಿಯೂ ನೋಡದೆ, ತನ್ನ ಮಗನ ರಟ್ಟೆ ಹಿಡಿದು ಮನೆಗೆ ನಡೆಸಿಕೊಂಡು ಹೋದ. ಆಮೇಲೆ ಇನ್ನೊಬ್ಬರು ಎದ್ದರು.