ಯವ್ವಾ ಎನ್ನದ ದಿನ

ನಮ್ಮ ಕಡೆ ಹಿರಿಯರಾದವರು ಯಾವ ಹುಡುಗಿಯನ್ನೂ ಬರೀ ಬಾಯಲ್ಲಿ ಕರೆಯುತ್ತಿರಲಿಲ್ಲ. ಎದುರಿಗೆ ಬಂದವಳು ಯಾರ ಮಗಳೇ ಇರಲಿ, ‘ಯವ್ವಾ’ ಎನ್ನುತ್ತಿದ್ದರು. ಹುಡುಗಿಯರಾದ ನಾವೂ ಅಷ್ಟೆ, ತಲೆ ನರೆತ ಗಂಡಸನ್ನು ಅಜ್ಜನೆಂಬಂತೆ ‘ಮುತ್ಯಾ’ ಎನ್ನುತ್ತಿದ್ದೆವು. ನನಗೆ ಮಾತು ಕಲಿಸಿದ ಆಯಿ, ಎಂದರೆ ಅಪ್ಪನ ತಾಯಿ, ಇದನ್ನು ಹೊಲದ ಬೇಲಿಗೆ ಹೋಲಿಸುತ್ತಿದ್ದಳು. “ಯವ್ವಾ ಅಂದಮ್ಯಾಲ ಆಕಿ ತಾಯಿ ಆದ್ಲು. ತಾಯಿ ಕಡಿ ಯಾವ ಕಣ್ಣಿಂದ ನೋಡಬೇಕೋ ಅದ ಕಣ್ಣಿಂದ ನೋಡಬೇಕು.”

ನಿಜಾಮರ ಕಾಲ. ಸೇಡಮ್ಮಿನ ಆಚೆ, ಕಾಗಿಣಾ ದಂಡೆಯ ಹಳ್ಳಿ ನಮ್ಮದು. ನಾವು ಉಳುತ್ತಿದ್ದ ಹೊಲ ಗೌಡರದು, ಮನೆ ನಿಂತ ಜಾಗವೂ ಅವರದೇ. ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಒಂದೇ ವರ್ಷ ಪ್ಲೇಗಿನಲ್ಲಿ ಹೋದ ಮೇಲೆ ಅವರ ಮಗಳು ನಮ್ಮಲ್ಲೇ ಬೆಳೆದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ವಯಸ್ಸು ಯಾರೂ ಎಣಿಸಿರಲಿಲ್ಲ. ನನಗಿಂತ ದೊಡ್ಡವಳು, ಅವ್ವನಿಗಿಂತ ಭಾಳ ಸಣ್ಣವಳು.

ಗೌಡರು ಹೊಲ ನೋಡಲು ಹೋಗುವಾಗ ನಮ್ಮ ಫರಸಿ ಕಲ್ಲಿನ ಕಟ್ಟೆಯ ಮುಂದೆ ಕುದುರೆ ನಿಲ್ಲಿಸುತ್ತಿದ್ದರು. “ಯವ್ವಾ, ಒಂದು ತಂಬಗಿ ನೀರು ಕೊಡು” ಎನ್ನುತ್ತಿದ್ದರು. ತಲೆ ನರೆತ ಗೌಡರಿಗೆ ಅಕ್ಕ “ತಗೋರಿ ಮುತ್ಯಾ” ಎಂದು ಕೊಡುತ್ತಿದ್ದಳು. ಅವರ ಹೆಂಡತಿ ತೀರಿಕೊಂಡ ಮರುವರ್ಷ ಒಂದು ದಿನ ಬಂದವರು, “ನೀರು ಕೊಡು” ಎಂದರು. ಅಷ್ಟೇ.

ತೊಗರಿ ಕೇರುತ್ತಿದ್ದ ಆಯಿಯ ಕೈಯಲ್ಲಿ ಮೊರ ನಿಂತಿತು. ಕುದುರೆ ತಿರುವು ದಾಟಿದ ಮೇಲೆ ಅವ್ವನನ್ನು ಕರೆದು, “ಕೇಳಿದ್ಯಾ? ಗೌಡ ಇವತ್ತು ಯವ್ವಾ ಅನ್ಲಿಲ್ಲ” ಎಂದಳು.

“ಮರೆತಿರಬೇಕು ತಗೋರಿ ಅತ್ತಿ.”

“ಇಷ್ಟು ವರ್ಷ ಮರೀದಂವ ಇವತ್ತ ಮರೆತ್ನೇನು?”

ಆ ವಾರವೇ ವಾಡೆಯಿಂದ, ಎಂದರೆ ಗೌಡರ ದೊಡ್ಡ ಮನೆಯಿಂದ, ಅವರ ತಂಗಿ ಸೀರೆ ಹಿಡಿದುಕೊಂಡು ಬಂದಳು. ಕಟ್ಟೆಯ ಮೇಲೆ ಕೂಡಲಿಲ್ಲ, ನೆಟ್ಟಗೆ ಪಡಸಾಲೆಗೇ ಬಂದು, “ತಂದಿ-ತಾಯಿ ಇಲ್ಲದ ಹುಡುಗಿ, ವಾಡೇಕ ಬರ್ಲಿಕತ್ತದ. ಏಸು ಜಲ್ಮದ ಪುಣ್ಯಾನೋ ಏನೋ” ಎಂದಳು. ಅಪ್ಪ ಕೈಮುಗಿದು ನಿಂತಿದ್ದ. “ಆಯ್ತ್ರಿ” ಎಂದ.

ಅವಳು ಹೋದದ್ದೇ ತಡ, ಆಯಿ ಮಗನ ಮೇಲೆ ಬಿದ್ದಳು. “ಆಯ್ತ್ರಿ ಅಂದ್ಯಲ್ಲೋ! ನಿನ್ನ ಬಾಯಾಗ ಬ್ಯಾರೆ ಮಾತ ಇಲ್ಲೇನು? ಹೊಲ ಬಿಡಸ್ತಾರ, ಬಿಡಸ್ಲಿ. ಶಹಾಬಾದಿಗೆ ಹೋಗಿ ಕಲ್ಲು ಒಡಿ.”

“ಆ ಕಲ್ಲಿನ ಖಣಿನೂ ಅವರ ಬೀಗರವೇ ಅದಾವ, ಯವ್ವಾ.”

“ಸೇಡಮ್ಮಿನ ಠಾಣೇಕ ಹೋಗಿ ಅಮೀನ ಸಾಹೇಬರ ಕಾಲಿಗೆ ಬೀಳು.”

“ಅಮೀನ ಊರಿಗಿ ಬಂದ್ರ ಉಣ್ಣೂದು ಯಾರ ಮನ್ಯಾಗ? ನೀನೇ ಹೇಳು.”

ಅಕ್ಕನನ್ನು ಯಾರೂ ಕೇಳಲಿಲ್ಲ. ನಾನೇ ಹಿತ್ತಲಲ್ಲಿ ಅವಳ ಸೆರಗು ಹಿಡಿದು, “ಒಲ್ಲೆ ಅನ್ನು” ಎಂದೆ. ಅವಳು ಸಗಣಿ ಕುಳ್ಳು ಒಟ್ಟುತ್ತ, “ಯಾರಿಗಿ ಅನ್ಲಿ?” ಎಂದಳು.

ಕಡೆಗೆ ಆಯಿಗೆ ತನ್ನ ಬೇಲಿಯೇ ನೆನಪಾಯಿತು. ಅಕ್ಕನನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳಿದಳು: “ನಾಕು ಮಂದಿ ಇದ್ದಾಗ ನೀರು ಕೊಡು. ಕೊಟ್ಟು, ಮುತ್ಯಾ ಅನ್ನು. ದೊಡ್ಡದಾಗಿ ಅನ್ನು. ಮಂದಿ ಮುಂದ ಮುತ್ಯಾ ಅನ್ಸಿಕೊಂಡಂವ ಮೊಮ್ಮಗಳ ಕೊಳ್ಳಿಗಿ ತಾಳಿ ಕಟ್ಟತಾನೇನು? ನಾಚಿಕಿ ಬರೂದಿಲ್ಲೇನು?”

ಮುಂದಿನ ಸಲ ಗೌಡರು ಬಂದಾಗ ಜೊತೆಗೆ ಊರ ಹಿರಿಯರೂ ಇದ್ದರು. ಅಕ್ಕ ತಂಬಿಗೆ ಚಾಚಿದಳು. ದೊಡ್ಡದಾಗಿಯೇ ಅಂದಳು: “ತಗೋರಿ ಮುತ್ಯಾ.”

ಗೌಡರು ಅವಸರವಿಲ್ಲದೆ ನೀರು ಕುಡಿದರು, ಮೀಸೆ ಒರೆಸಿಕೊಂಡರು. “ಇನ್ನ ಮ್ಯಾಲ ಹಂಗ ಅನಬ್ಯಾಡ” ಎಂದು ನಕ್ಕರು. ಅವರು ನಕ್ಕದ್ದೇ ಉಳಿದವರಿಗೆ ಅಪ್ಪಣೆಯಾಯಿತು. “ಹುಡುಗಿ ಭಾಳ ಚಾಲಾಕ ಅದರಿ ಗೌಡ್ರ! ಈಗ್ಲೇ ಚಾಷ್ಟಿ ಮಾಡ್ಲಿಕತ್ತದ!” ಎಂದು ಒಬ್ಬ ತೊಡೆ ತಟ್ಟಿಕೊಂಡ. ಅಪ್ಪನೂ ನಗಬೇಕಾಯಿತು. ಆಯಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ಲಗ್ನವಾಯಿತು. ವಾಡೆಯ ಹೊಸ್ತಿಲಲ್ಲಿ ಹೆಂಗಸರು ಅಕ್ಕನನ್ನು ಅಡ್ಡಗಟ್ಟಿ, ಗಂಡನ ಹೆಸರಿಟ್ಟು ಒಡಪು ಹೇಳೆಂದರು. ಪ್ರಾಸ ಕಟ್ಟಿ ಹೆಸರು ಹೇಳದೆ ಮದುಮಗಳನ್ನು ಒಳಗೆ ಬಿಡುವ ಪದ್ಧತಿಯಿಲ್ಲ. “ಹೇಳ, ಹೇಳ, ಯಾರ ಹೇಣ್ತಿ ನೀ?” ಎಂದು ಪಕ್ಕೆಗೆ ತಿವಿದರು. ಅವಳ ಬಾಯಿಂದ ಬಂದದ್ದು, “ಮುತ್ಯಾಂದು.”

ಈ ಸಲ ಅದು ಆಯಿಯ ಪಾಠವಾಗಿರಲಿಲ್ಲ. ಅವರಿಗೆ ಬೇರೆ ಹೆಸರೊಂದಿದೆ ಎಂಬುದೇ ಅವಳ ನಾಲಿಗೆಗೆ ಗೊತ್ತಿರಲಿಲ್ಲ. ಹೆಂಗಸರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಗೌಡರ ತಂಗಿ ನಗಲಿಲ್ಲ. ತಾನೇ ಒಡಪು ಕಟ್ಟಿ, ಒಂದೊಂದೇ ಮಾತು ಹೇಳಿಕೊಟ್ಟಳು. ಅಕ್ಕ ಒಂದೊಂದೇ ಮಾತು ಹಿಂದೆ ಹೇಳಿದಳು. ದಾರಿ ಬಿಟ್ಟರು.

ನಾಗರಪಂಚಮಿಗೆ ಅವಳನ್ನು ತವರಿಗೆ ಕಳಿಸಲಿಲ್ಲ. ನಾನೂ ಆಯಿಯೂ ಉಂಡಿ ಕಟ್ಟಿಕೊಂಡು ವಾಡೆಗೆ ಹೋದೆವು. ಅಕ್ಕ ಒಳಗಿನಿಂದ ಓಡುತ್ತಲೇ ಬಂದಳು. ನಡುಮನೆಗೆ ಬಂದವಳು ನೆನಪಾಗಿ ನಡೆದಳು. ಆಯಿ, “ಯವ್ವಾ…” ಎಂದಳು.

“ಈಗ ಆಕಿ ಗೌಡ್ತಿ,” ಮೂಲೆಯಿಂದ ಗೌಡರ ತಂಗಿಯ ದನಿ ಬಂತು. “ಆಳು-ಕಾಳು ಕೇಳ್ತಾರ. ಹಂಗ ಕರೀಬ್ಯಾಡ್ರಿ.”

ಅಕ್ಕ ನೀರಿನ ತಂಬಿಗೆ ಕೊಡುವ ನೆಪದಲ್ಲಿ ಬಗ್ಗಿದಳು. “ಆಯಿ, ಇನ್ನೊಂದ್ಸಲ ಅನ್ನು,” ಎಂದಳು ಮೆಲ್ಲಗೆ. ಆಯಿ ಮೂಲೆಯ ಕಡೆ ನೋಡಿದಳು. ನೀರು ಪೂರಾ ಕುಡಿದಳು. “ಬರ್ತೀವ್ರಿ ಗೌಡ್ತೇರ,” ಎಂದು ಎದ್ದಳು.

ವಾಡೆಯ ಗೋಡೆ ಮುಗಿದು, ಜೋಳದ ಹೊಲ ಶುರುವಾಯಿತು. ಆಗ ಆಯಿ ಒಮ್ಮೆಲೇ, “ಯವ್ವಾ” ಎಂದಳು.

“ಏನ್ ಆಯಿ?” ಎಂದೆ.

“ನಿನಗ ಅಲ್ಲ. ನಡಿ.”