ಫರ್ಹಾನ್ ಎಸೆದ ಬಾಲಿಗೆ ನಾವು ಎದ್ದು ನಿಂತದ್ದು

ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಸುಮ್ಮನೆ ಶಾಸ್ತ್ರಕ್ಕಲ್ಲ, ಮನಸಾರೆ. ಒಬ್ಬರು ಶಿಳ್ಳೆ ಕೂಡ ಹೊಡೆದರು. (ಯಾರು ಅಂತ ಕೇಳಬೇಡಿ. ನಮ್ಮ ಯಜಮಾನರಿಗೆ ಆಫೀಸಿನಲ್ಲಿ ಒಂದು ಮರ್ಯಾದೆ ಇದೆ.) ಆಮೇಲೆ ಸುತ್ತ ನೋಡಿದರೆ ಬೇರೆ ಯಾರೂ ಎದ್ದಿಲ್ಲ. ನಮ್ಮ ಕಡೆಯವರೆಲ್ಲ ತಿರುಗಿ ನಮ್ಮನ್ನೇ ನೋಡುತ್ತಿದ್ದಾರೆ.

ನಾವು ಚಪ್ಪಾಳೆ ತಟ್ಟಿದ್ದು ಎದುರು ಟೀಮಿನ ಹುಡುಗನಿಗೆ. ಅವನು ಬೇಲಿಯಾಚೆ ಕಳಿಸಿದ್ದು ನಮ್ಮ ಹುಡುಗ ಎಸೆದ ಬಾಲನ್ನು.

ಇರಿ, ಮೊದಲಿನಿಂದ ಹೇಳುತ್ತೇನೆ.

ಇಲ್ಲಿ ಅಮೆರಿಕದ ಸ್ಯಾನ್ ರಮೋನಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ನಸ್ರೀನ್ ಇದ್ದಾಳೆ. ಮೈಸೂರಿನವಳು, ಮಂಡಿ ಮೊಹಲ್ಲಾದಲ್ಲಿ ಬೆಳೆದವಳು. ನನ್ನನ್ನು ಸುಧಕ್ಕ ಅನ್ನುತ್ತಾಳೆ. ಗಂಡ ಸಾದಿಕ್ ವಾರವಿಡೀ 680 ಫ್ರೀವೇ ಮೇಲೆ ಇರುತ್ತಾರೆ, ಮನೆಗೆ ಆಗಾಗ ಬಂದು ಹೋಗುತ್ತಾರೆ ಅಂತ ನಾವು ತಮಾಷೆ ಮಾಡುತ್ತೇವೆ. ಇವರ ಒಬ್ಬನೇ ಮಗ ಫರ್ಹಾನ್. ಡೇಕೇರಿನ ದಿನಗಳಿಂದ ನಮ್ಮ ಕಣ್ಣೆದುರೇ ಬೆಳೆದವನು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮ ಮಕ್ಕಳೆಲ್ಲ ಚೆಸ್ಸು, ಕೋಡಿಂಗು, ಭರತನಾಟ್ಯ ಅಂತ ಹೋದಾಗ ಫರ್ಹಾನ್ ಬೇಸ್‌ಬಾಲಿಗೆ ಹೋದ. ಇಲ್ಲೇ ನಮ್ಮ ಮನೆ ಹತ್ತಿರದ ಕಾಲೇಜಿನ ಟೀಮಿಗೂ ಸೇರಿದ. ಪಿಚರ್. ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓಡಿ ಬರುವುದಿಲ್ಲ, ನಿಂತಲ್ಲಿಂದಲೇ ಎಸೆಯುತ್ತಾನೆ. ಅದರಲ್ಲೂ ಇವನು ಕಾಯುವ ಪಿಚರ್. ಮೊದಲು ಎಸೆಯುವವನ ಕೈ ಸೋತರೆ ಮಾತ್ರ ಇವನಿಗೆ ಕರೆ. ಇಲ್ಲದಿದ್ದರೆ ಮೈದಾನದ ಮೂಲೆಯ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಉಗುಳುತ್ತಾ ಇರಬೇಕು. ಎಷ್ಟೋ ಶನಿವಾರ ಅಷ್ಟೇ ಆಗುತ್ತಿತ್ತು.

ನಾಲ್ಕು ವರ್ಷ, ಪ್ರತಿ ಸ್ಪ್ರಿಂಗ್ ಸೀಸನ್ನಿನಲ್ಲಿ, ನಮ್ಮ ವಾಟ್ಸಾಪ್ ಗ್ರೂಪಿಗೆ ನಸ್ರೀನಳ ಮೆಸೇಜು ಬರುತ್ತಿತ್ತು. 'ಶನಿವಾರ ಹೋಮ್ ಗೇಮ್ ಇದೆ, ಎಂಟ್ರಿ ಫ್ರೀ, ಎಲ್ರೂ ಬನ್ನಿ.' ಕೂಡಲೇ ಹೆಬ್ಬೆಟ್ಟುಗಳು ಏಳುತ್ತಿದ್ದವು. ಆಲ್ ದಿ ಬೆಸ್ಟು, ಗೋ ಫರ್ಹಾನ್, ಪಟಾಕಿ, ಹೂಗುಚ್ಛ. ಹೋಗುತ್ತಿದ್ದವರು ಯಾರು? ಯಾರೂ ಇಲ್ಲ.

ನಾವೇನು ಮನೆಯಲ್ಲೇ ಕೂರುವ ಜನವೇ? ಯಾರದೋ ಮಗಳ ಅರಂಗೇಟ್ರಂ ಅಂದರೆ ಮೂರು ಗಂಟೆ ಅಲುಗಾಡದೆ ಕೂರುತ್ತೇವೆ. ವರ್ಷದ ಕೂಸಿನ ಬರ್ತ್‌ಡೇಗೆ ಸೂಟು ಹಾಕಿಕೊಂಡು ಬ್ಯಾಂಕ್ವೆಟ್ ಹಾಲಿಗೆ ಹೋಗುತ್ತೇವೆ. (ಕೂಸು ನಿದ್ದೆ ಮಾಡುತ್ತಿರುತ್ತದೆ.) ದೊಡ್ಡ ಟೀಮುಗಳ ಬೇಸ್‌ಬಾಲಿಗೂ ಹೋಗಿದ್ದೇವೆ, ಆಫೀಸಿನವರು ಟಿಕೆಟ್ ಕೊಟ್ಟಾಗ. ಅಲ್ಲಿ ಗಾರ್ಲಿಕ್ ಫ್ರೈಸ್ ತಿಂದು, ಸೆಲ್ಫಿ ತೆಗೆದುಕೊಂಡು, ಪಾರ್ಕಿಂಗಿನ ಟ್ರಾಫಿಕ್ಕಿಗೆ ಹೆದರಿ ಆಟ ಮುಗಿಯುವ ಮೊದಲೇ ಎದ್ದು ಬಂದಿದ್ದೇವೆ. ಕಾಲೇಜು ಹುಡುಗರ ಆಟ ಅಂದರೆ ಮಾತ್ರ, ಅಯ್ಯೋ, ಬಿಸಿಲು, ಗ್ರೋಸರಿ, ನಮಗೆ ರೂಲ್ಸೇ ಗೊತ್ತಿಲ್ಲ.

ಈ ಏಪ್ರಿಲ್ ಕೊನೆಯಲ್ಲಿ ನಸ್ರೀನ್ ಮೆಸೇಜ್ ಹಾಕಲಿಲ್ಲ. ಮನೆಗೇ ಬಂದಳು.

ಕೈಯಲ್ಲಿ ಸ್ವೀಟ್ ಬಾಕ್ಸು. ಒಳ್ಳೆ ಸಲ್ವಾರು. ಜೊತೆಗೆ ಸಾದಿಕ್, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ನನಗೆ ಗಾಬರಿ. ಹುಡುಗನ ಮದುವೆಯೇ ಗೊತ್ತಾಯಿತೇನೋ ಅಂದುಕೊಂಡೆ.

"ಸುಧಕ್ಕ, ಮೇ ಹದಿನೇಳಕ್ಕೆ ಫರ್ಹಾನ್‌ದು ಕೊನೇ ಹೋಮ್ ಗೇಮು. ಮನೆಯವರೆಲ್ಲ ಬರಬೇಕು," ಅಂದಳು. ಬಾಕ್ಸನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಫೋನ್ ಮಾಡಿದ್ರೆ ಆಗ್ತಿರ್ಲಿಲ್ವೇನೇ? ಇಷ್ಟೆಲ್ಲ ಯಾಕೆ?"

"ಫೋನಲ್ಲಿ ಕರೆದ್ರೆ ನಮ್ಮವರು ಯಾವತ್ತಾದ್ರೂ ಬಂದಿದ್ದಾರಾ ಅಕ್ಕ?"

ಮನೆಗೆ ಬಂದು ಕರೆದವರಿಗೆ ಇಲ್ಲ ಅನ್ನುವುದು ನಮ್ಮ ಜಾಯಮಾನದಲ್ಲೇ ಇಲ್ಲ. ಅದು ಅವಳಿಗೂ ಗೊತ್ತು. ಹಾಗೆ ಗಂಡಹೆಂಡತಿ ಇಬ್ಬರೂ ಎರಡು ವಾರಾಂತ್ಯ ಕಾರು ಓಡಿಸಿದ್ದರು. ಮಾರ್ಗನ್ ಹಿಲ್ಲಿನ ಒಂದು ಮನೆ. ಸರಟೋಗಾದ ಪ್ರಭಾಕರಣ್ಣನ ಮನೆ. ಎಲ್ಲ ಕಡೆ ಸ್ವೀಟು, ಎಲ್ಲ ಕಡೆ 'ಮನೆಯವರೆಲ್ಲ ಬರಬೇಕು.'

ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು. "ಅಲ್ಲಿ ಒಬ್ಬೊಬ್ಬ ಹುಡುಗನಿಗೂ ಅಜ್ಜಿ, ತಾತ, ಚಿಕ್ಕಪ್ಪ, ಅವರ ನಾಯಿ ಎಲ್ಲಾ ಬಂದಿರ್ತಾರೆ ಅಕ್ಕ. ಅವನ ಹೆಸರು ಬಂದ್ರೆ ಒಂದು ಸಾಲೇ ಕೂಗುತ್ತೆ. ನಮ್ಮವನ ಹೆಸರು ಬಂದಾಗ ನಾನು, ಇವರು, ಇಬ್ಬರೇ. ಇಬ್ಬರು ಕೂಗಿದ್ರೆ ಇನ್ನೂ ಖಾಲಿ ಕೇಳಿಸುತ್ತೆ ಅಂತ ಕೂಗೋದೇ ಬಿಟ್ಟಿದ್ದೀವಿ. ಮಂಡಿ ಮೊಹಲ್ಲಾದಲ್ಲಿ ಆಗಿದ್ರೆ ಗಲ್ಲಿಗೆ ಗಲ್ಲಿನೇ ಬಂದಿರೋದು. ಒಂದೇ ಒಂದು ಸಲ ಅವನಿಗೆ ಆ ಸದ್ದು ಕೇಳಿಸ್ಬೇಕು."

ಅವಳು ಹೋದ ಮೇಲೆ ಬಾಕ್ಸಿನ ಮುಚ್ಚಳ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಹದಿನೇಳರಂದು ಎಲ್ಲರೂ ಬಂದೆವು. ಹದಿನಾಲ್ಕು ಜನ, ಅದೂ ಟೈಮಿಗೆ ಸರಿಯಾಗಿ. (ಒಂದು ಗಂಟೆಗೆ ಶುರುವಾಗುವ ಆಟಕ್ಕೆ ನಸ್ರೀನ್ ಹನ್ನೆರಡು ಗಂಟೆ ಅಂತ ಹೇಳಿದ್ದಳು. ತನ್ನ ಜನವನ್ನು ಚೆನ್ನಾಗಿ ಬಲ್ಲವಳು.)

ಕಾಲೇಜ್ ಬೇಸ್‌ಬಾಲ್ ಮೈದಾನ ನೋಡಿದ್ದೀರಾ? ಹೋಗಿ ನೋಡಿ. ಹಸಿರು ಅಂದರೆ ಹಸಿರು. ಆಚೆ ಬೇಲಿ, ಬೇಲಿಯಾಚೆ ಮೇ ತಿಂಗಳಿಗೆ ಒಣಗಿ ಹೊಂಬಣ್ಣವಾದ ಗುಡ್ಡ. ಅಲ್ಯುಮಿನಿಯಂ ಮೆಟ್ಟಿಲುಗಳಲ್ಲಿ ಅಲ್ಲಲ್ಲಿ ತಂದೆತಾಯಿಗಳು, ಮಡಿಸುವ ಕುರ್ಚಿಯಲ್ಲಿ ಒಬ್ಬ ತಾತ, ಲ್ಯಾಪ್‌ಟಾಪ್ ತೆರೆದು ಹೋಮ್‌ವರ್ಕ್ ಮಾಡುತ್ತಿರುವ ಒಬ್ಬಳು ಹುಡುಗಿ. ಇದೇ ಕಾಲೇಜಿನ ಫುಟ್‌ಬಾಲಿಗೆ ಬ್ಯಾಂಡಂತೆ, ಬಾವುಟವಂತೆ. ಇಲ್ಲಿ ಎಷ್ಟು ನಿಶ್ಶಬ್ದ ಅಂದರೆ ಬಾಲು ಗ್ಲೌಸಿಗೆ ಬಡಿದ ಸದ್ದು ಮೇಲಿನ ಮೆಟ್ಟಿಲವರೆಗೆ ಕೇಳುತ್ತದೆ. ಬೇರೆ ಊರಿಂದ ಬಂದ ಟೀಮಿನ ಅಪ್ಪ ಅಮ್ಮಂದಿರೇ ನಮ್ಮ ಕಡೆಯವರಿಗಿಂತ ಹೆಚ್ಚಿದ್ದರು.

"ಎಂಥದು ಮಾರಾಯ್ತಿ, ಒಬ್ಬ ಕಡ್ಲೆ ಮಾರುವವನೂ ಇಲ್ವಾ ಇಲ್ಲಿ?" ಅಂದರು ಪ್ರಭಾಕರಣ್ಣ. ಉಡುಪಿಯವರು, ಎಪ್ಪತ್ತು ದಾಟಿದವರು, ಪ್ರಾಯದಲ್ಲಿ ಕ್ರಿಕೆಟ್ ಅಂಪೈರಿಂಗ್ ಮಾಡಿದವರು. ಅದಕ್ಕೇ ಇರಬೇಕು, ಬೆಳ್ಳನೆಯ ಟೋಪಿ ಹಾಕಿಕೊಂಡು ಬಂದಿದ್ದರು. ಅವರ ಹೆಂಡತಿ ಗೋಳಿಬಜೆ ಡಬ್ಬಿ ತೆಗೆದರು. ಎದುರು ಸಾಲಿನ ಅಮೆರಿಕನ್ ತಾತನೂ ಎರಡು ತಿಂದರು.

ಆಟ ನಡೆಯಿತು. ನಮಗೆ ಏನೂ ಅರ್ಥವಾಗಲಿಲ್ಲ. ಬಾಲು ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದರೆ ನಾವು ರನ್ನು ಅಂತ ಖುಷಿಪಟ್ಟೆವು. ಅದು ರನ್ನಲ್ಲವಂತೆ. ನಸ್ರೀನ್‌ಗೆ ವಿವರಿಸುವ ವ್ಯವಧಾನ ಇರಲಿಲ್ಲ. ಅವಳ ಕಣ್ಣು ಮೂಲೆಯ ಆ ಬೆಂಚಿನ ಮೇಲೇ ಇತ್ತು. ಇಷ್ಟು ಜನರನ್ನು ಮನೆಮನೆಗೆ ಹೋಗಿ ಕರೆದಿದ್ದಾಳೆ, ಇವತ್ತೂ ಅವನಿಗೆ ಕರೆ ಬರದಿದ್ದರೆ? ನಾನು ಗೋಳಿಬಜೆ ಕೊಟ್ಟರೆ ಕೈಯಲ್ಲೇ ಹಿಡಿದು ಕೂತಳು.

ಏಳನೆಯ ಸುತ್ತು ಮುಗಿದ ಮೇಲೆ ಸಾದಿಕ್ ಇದ್ದಕ್ಕಿದ್ದಂತೆ ಎದ್ದು ನಿಂತರು. ಬೆಂಚಿನಿಂದ ಒಬ್ಬ ಹುಡುಗ ಮೈದಾನದ ನಡುವಿಗೆ ಓಡಿ ಬರುತ್ತಿದ್ದ. ಮೈಕಿನವನು ಅವನ ಹೆಸರನ್ನು ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ ಅಗಿದು ಅಗಿದು ಹೇಳಿದ. ನಾವು ಸರಿಯಾಗಿ ಕೂಗಿದೆವು. ಫರ್ಹಾನ್ ಅಂತ, ಹದಿನಾಲ್ಕು ಜನ, ಒಟ್ಟಿಗೆ. ನಸ್ರೀನಳ ಮುಖ ನೀವು ನೋಡಬೇಕಿತ್ತು.

ಮೊದಲ ಬಾಲು. ಬ್ಯಾಟಿನವನು ಬೀಸಿದ. ಆ ಟಕ್ ಅನ್ನುವ ಸದ್ದು ಕ್ರಿಕೆಟ್ ನೋಡಿದ ಯಾರಿಗಾದರೂ ಗೊತ್ತು. ನಟ್ಟನಡುವೆ ಸಿಕ್ಕ ಬಾಲು. ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಬೇಲಿ ದಾಟಿ ಹೊಂಬಣ್ಣದ ಗುಡ್ಡದ ಕಡೆ ಬಿತ್ತು.

"ಎಂಥಾ ಹೊಡ್ತ ಮಾರಾಯ್ರೆ!" ಅಂದರು ಪ್ರಭಾಕರಣ್ಣ. ಎದ್ದು ನಿಂತರು. ಚಪ್ಪಾಳೆ ತಟ್ಟಿದರು. ಅವರ ಹಿಂದೆ ನಾವೆಲ್ಲ.

ನಮ್ಮ ತಪ್ಪೇನು ಹೇಳಿ? ನಾವು ಬೆಳೆದದ್ದೇ ಹಾಗೆ. ಚಾಮರಾಜಪೇಟೆಯಿಂದ ಅಪ್ಪ ನನ್ನನ್ನು ಟೆಸ್ಟ್ ಮ್ಯಾಚಿಗೆ ಕರೆದುಕೊಂಡು ಹೋಗುತ್ತಿದ್ದರು, ಮೊಸರನ್ನದ ಡಬ್ಬಿಯ ಸಮೇತ. ಹೊರದೇಶದವನು ನಮ್ಮ ಬೌಲರನ್ನು ಚಚ್ಚಿ ನೂರು ಹೊಡೆದರೂ ಇಡೀ ಸ್ಟೇಡಿಯಮ್ಮು ಎದ್ದು ನಿಲ್ಲುತ್ತಿತ್ತು. ನಾನು ಕೂತೇ ಇದ್ದರೆ ಅಪ್ಪ ಭುಜ ತಟ್ಟಿ ಎಬ್ಬಿಸುತ್ತಿದ್ದರು. ಬಾಲು ಗಡಿ ದಾಟಿತು ಅಂದರೆ ಕೈ ತಾನಾಗಿ ತಟ್ಟುತ್ತದೆ, ತಲೆಗೆ ಸುದ್ದಿ ಆಮೇಲೆ ಮುಟ್ಟುತ್ತದೆ.

ಎದುರು ಟೀಮಿನ ತಾಯಂದಿರು ನಮ್ಮನ್ನು ತಮ್ಮವರೇ ಅಂದುಕೊಂಡು ಕೈ ಬೀಸಿದರು. ಹೊಡೆದ ಹುಡುಗ ಓಡುತ್ತಾ ಓಡುತ್ತಾ ನಮ್ಮ ಸಾಲನ್ನು ಅನುಮಾನದಿಂದ ನೋಡಿದ. ನಸ್ರೀನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಅಕ್ಕ," ಅಂದಳು, "ಕೂತ್ಕೊಳ್ಳಿ. ಅದು ನಮ್ಮವನಿಗೆ ಬಿದ್ದಿದ್ದು."

ಕೂತೆವು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಾಲ್ಕು ವರ್ಷ ಬಾರದವರು ಬಂದ ದಿನ ಮಾಡಿದ ಘನಕಾರ್ಯ ಇದು. ಕೆಳಗೆ ಫರ್ಹಾನ್ ಒಬ್ಬನೇ ನಿಂತಿದ್ದ. ಟೋಪಿ ಮುಖದ ಮೇಲೆ ಎಳೆದುಕೊಂಡಿದ್ದ. ಭುಜ ಅಲುಗುತ್ತಿತ್ತು. ಹುಡುಗ ಅಳುತ್ತಿದ್ದಾನೆ ಅಂದುಕೊಂಡೆ. ಪ್ರಭಾಕರಣ್ಣ ಬೆಳ್ಳನೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಮೇಲೆ ಅವರೇ ಕೂಗಿದರು, ಗಂಟಲು ಒಡೆಯುವ ಹಾಗೆ.

"ಹೋಗ್ಲಿ ಬಿಡು ಮಗಾ! ಇನ್ನೊಂದು ಹಾಕು!"

ಇನ್ನೊಂದು ಹಾಕಿದ. ಮತ್ತೊಂದು ಹಾಕಿದ. ನಾವು ಪ್ರತಿ ಬಾಲಿಗೂ ನಸ್ರೀನಳ ಮುಖ ನೋಡಿ, "ಈಗ?" ಅನ್ನುತ್ತಿದ್ದೆವು. ಅವಳು ಬೇಡ ಅಂತ ತಲೆ ಆಡಿಸುತ್ತಿದ್ದಳು. ಆಡಲು ಬಂದ ಮುಂದಿನ ಹುಡುಗ ಮೂರನೆಯ ಸಲವೂ ಗಾಳಿಗೆ ಬೀಸಿ, ಬ್ಯಾಟನ್ನು ನೆಲಕ್ಕೆ ಕುಟ್ಟಿ, ತಿರುಗಿ ನಡೆದ. ಮೂರು ಸಲ ತಪ್ಪಿದರೆ ಔಟಂತೆ.

"ಹೂಂ, ಈಗ," ಅಂದಳು. ಅವಳೇ ಮೊದಲು ಎದ್ದಳು.

ಆಟ ಸೋತೆವು. ಮುಗಿದ ಮೇಲೆ ಮನೆಯವರೆಲ್ಲ ಹುಲ್ಲಿನ ಮೇಲೆ ಇಳಿಯಬಹುದು, ಅದು ಅಲ್ಲಿನ ಪದ್ಧತಿ. ನಾವೂ ಇಳಿದೆವು. ಫರ್ಹಾನ್ ಬಂದ, ಮೊಣಕಾಲಿಗೆಲ್ಲ ಕೆಂಪು ಮಣ್ಣು. ಪ್ರಭಾಕರಣ್ಣ ಮುಂದೆ ಹೋಗಿ ಅವನ ಕೈ ಹಿಡಿದುಕೊಂಡರು.

"ತಪ್ಪಾಯ್ತು ಮಾರಾಯ. ನಮಗೆ ಗೊತ್ತಾಗ್ಲಿಲ್ಲ."

ಅವನು ನಕ್ಕ. ಮೈದಾನದಲ್ಲಿ ಭುಜ ಅಲುಗಿದ್ದೂ ನಗುವಿಗಂತೆ. "ನೋ ನೋ ಅಂಕಲ್. ಫೋರ್ ಇಯರ್ಸ್, ನೋಬಡಿ ಎವರ್ ಸ್ಟುಡ್ ಅಪ್ ಫಾರ್ ಎನಿಥಿಂಗ್ ಐ ಥ್ರೂ," ಅಂದ.

ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ನಾಲ್ಕು ವರ್ಷದಲ್ಲಿ ಇವನು ಎಸೆದ ಯಾವ ಬಾಲಿಗೂ ಯಾರೂ ಎದ್ದು ನಿಂತಿರಲಿಲ್ಲ. ಅದನ್ನು ಹುಡುಗ ಬೇಜಾರಿಲ್ಲದೆ, ಜೋಕಿನ ಹಾಗೆ ಹೇಳಿಬಿಟ್ಟ. ಎದ್ದು ನಿಂತ ಅವರೆಲ್ಲ ಯಾರು ಅಂತ ಟೀಮಿನವರು ಕೇಳಿದ್ದಕ್ಕೆ 'ದೇ ಆರ್ ಮೈನ್' ಅಂದನಂತೆ. ಇದನ್ನು ನಸ್ರೀನ್ ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನಗೆ ಹೇಳಿದಳು.

ಈಗ ಜೂನ್. ಫರ್ಹಾನ್‌ಗೆ ಡಿಗ್ರಿ ಆಯಿತು, ಸ್ಯಾಕ್ರಮೆಂಟೋದಲ್ಲಿ ಕೆಲಸ ಆಯಿತು. ದುಡ್ಡು ಕೊಟ್ಟು ಆಡಿಸಿಕೊಳ್ಳುವಂಥ ಪಿಚರ್ ಅವನಲ್ಲ. ಅದು ಅವನಿಗೂ ಗೊತ್ತು. ಗ್ಲೌಸು ಗರಾಜಿನ ಶೆಲ್ಫು ಸೇರಿದೆ ಅಂದಳು ನಸ್ರೀನ್. ಅವಳ ಶನಿವಾರಗಳು ಹೇಗೆ ಕಳೆಯುತ್ತಿವೆ ಅಂತ ನಾನು ಕೇಳಿಲ್ಲ. ಕೇಳಲು ಧೈರ್ಯ ಸಾಲದು.

ಮೊನ್ನೆ ಪ್ರಭಾಕರಣ್ಣ ಫೋನ್ ಮಾಡಿದ್ದರು. ವಿಡಿಯೋ ನೋಡಿ ನೋಡಿ ರೂಲ್ಸ್ ಎಲ್ಲ ಕಲಿತಿದ್ದಾರಂತೆ. ಯಾವುದು ಫೌಲು, ಯಾವುದು ಸ್ಟ್ರೈಕು, ಅರ್ಧ ಗಂಟೆ ಪಾಠ ಮಾಡಿದರು. ಆಮೇಲೆ, "ನಮ್ಮ ಹುಡುಗನ ಮ್ಯಾಚು ಇನ್ನು ಯಾವಾಗ ಮಾರಾಯ್ತಿ?" ಅಂದರು.

"ಮುಗೀತಲ್ಲ ಪ್ರಭಾಕರಣ್ಣ. ಅದೇ ಕೊನೇದು."

"ಅವ ಇನ್ನು ಆಡುದೇ ಇಲ್ವಾ?"

"ಇಲ್ಲ."

ನಾನು ಫೋನ್ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಾ ನಿಂತೆ. ಒಳ್ಳೆ ಬಿಸಿಲಿತ್ತು, ಗಾಳಿ ಇತ್ತು, ಆಡುವವರಿಗೆ ಹೇಳಿ ಮಾಡಿಸಿದಂಥ ಮಧ್ಯಾಹ್ನ. ಬಿಟ್ಟುಬಂದ ಊರಿಗೆ ಆಸೆಪಡುವುದು ನಮಗೆಲ್ಲ ಅಭ್ಯಾಸವಾಗಿದೆ. ಹತ್ತು ನಿಮಿಷದ ದಾರಿಯಲ್ಲೇ ಇದ್ದು, ನಾವೇ ಹೋಗದೆ ಕಳೆದುಕೊಂಡ ಮೈದಾನಕ್ಕೆ ಹೀಗೆ ಆಸೆಪಡಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಈಗ ನಾವೆಲ್ಲ ರೆಡಿ ಇದ್ದೇವೆ. ಎಲ್ಲಿಗೆ ಬರೋಣ, ಫರ್ಹಾನ್?