ಬೆಟ್ಟ ಇಳಿಯುವ ಫೋಟೋಗಳು

ಅರವತ್ತರ ದಶಕದ ಆರಂಭದಲ್ಲಿ ನಾನು ಶಿರಾದಲ್ಲಿ ಮೇಷ್ಟ್ರು. ನನ್ನ ಹೆಂಡತಿ ಮಧುಗಿರಿಯಲ್ಲಿ ಹುಟ್ಟಿ ಬೆಳೆದವಳು. ಬಾಗಿಲು ತೆರೆದರೆ ಎದುರಿಗೇ ಬೆಟ್ಟ, ಆದರೆ ಒಂದು ದಿನವೂ ಹತ್ತಿದವಳಲ್ಲ. ಹೆಣ್ಣುಮಗಳಿಗೆ ಬೆಟ್ಟ ಯಾಕೆ ಅಂತ ಮನೆಯವರು ಬಿಡಲಿಲ್ಲ. ಮದುವೆಯಾದ ಮೇಲೆ ಹತ್ತೋಣ ಅಂದುಕೊಂಡರೆ ಎದೆಯ ಕಾಯಿಲೆ ಹಿಡಿಯಿತು. ಹೊಸಲು ದಾಟಿದರೂ ಏದುಸಿರು. ಡಾಕ್ಟರು ಕೈಚೆಲ್ಲಿದ್ದರು.

"ಒಂದ್ಸಲ ಮೇಲೆ ನಿಂತು ನಮ್ಮೂರು ನೋಡ್ಬೇಕಿತ್ತು ಕಣ್ರೀ" ಅನ್ನುತ್ತಿದ್ದಳು. ಕೊನೆಗೆ ಶಿರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಾಹೇಬರನ್ನು ಕಾಡಿ ಬೇಡಿ ಡಬ್ಬಿ ಕ್ಯಾಮೆರಾ ತಂದೆ.

"ಮೇಷ್ಟ್ರೇ, ರೀಲಲ್ಲಿ ಹನ್ನೆರಡೇ ಇರೋದು. ಕಾಗೆ ಗುಬ್ಬಿ ಅಂತ ಖರ್ಚು ಮಾಡೀರಿ, ಖಬರ್‌ದಾರ್!" ಅಂದರು.

ಭಾನುವಾರ ಮೊದಲ ಬಸ್ಸಿಗೆ ಹೋಗಿ ಒಬ್ಬನೇ ಹತ್ತಿದೆ. ಅವಳೇ ಹತ್ತಿದ ಹಾಗೆ ಫೋಟೋ ಬರಬೇಕು ಅನ್ನುವುದು ನನ್ನ ಹಟ. ಮೊದಲು ಕೋಟೆಬಾಗಿಲು, ಆಮೇಲೆ ಮೆಟ್ಟಿಲು, ಮೆಟ್ಟಿಲು ಮುಗಿದ ಕಡೆ ಬೋಳು ಬಂಡೆ, ಅದರಲ್ಲಿ ಕಾಲಿಡಲು ಕೊರೆದ ಗುಳಿಗಳು. ಅವಳಿಗೆ ಸುಸ್ತಾಗುವಂಥ ಕಡೆ ನಾನೂ ಕೂತು, ಕೂತಲ್ಲಿಂದಲೇ ಒಂದು ತೆಗೆದೆ. ಗಾಳಿ ಪಂಚೆ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. "ಹುಷಾರು ಕಣೇ, ಇಲ್ಲಿ ಜಾರುತ್ತೆ" ಅಂತ ಜೋರಾಗಿ ಅಂದೇಬಿಟ್ಟೆ. ಕೇಳಿಸಿಕೊಳ್ಳಲು ಒಂದು ಮೇಕೆಯೂ ಇರಲಿಲ್ಲ.

ತುದಿಯಲ್ಲಿ ಪಾಳು ಗುಡಿ, ದೂರಕ್ಕೆ ಕೊರಟಗೆರೆ ಕಡೆಯ ಬೆಟ್ಟಗಳು, ಕೆಳಗೆ ಅವಳ ಕೇರಿ. ಅಲ್ಲಿಗೆ ರೀಲು ಮುಗಿಯಿತು. ಅಷ್ಟು ಚೆಂದದ ಜಾಗದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಸಾಹೇಬರು ತೊಳೆದುಕೊಟ್ಟ ಫೋಟೋಗಳನ್ನು ಅವಳು ಕಂಬಳಿಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೇ ಮುಟ್ಟುತ್ತಾ ಹತ್ತಿದಳು. ಬೋಳು ಬಂಡೆಯ ಹತ್ತಿರ ನಿಜವಾಗಿಯೂ ನಿಂತು ಉಸಿರು ತೆಗೆದುಕೊಂಡಳು. ಕೊನೆಯದರಲ್ಲಿ ಎಳ್ಳುಕಾಳಿನಷ್ಟು ಕಾಣುವ ತವರುಮನೆಯನ್ನು ಹುಡುಕಿ, "ಅಯ್ಯೋ, ನಮ್ಮನೆ!" ಅಂತ ನಕ್ಕಳು.

ಮಗಳ ಆರೈಕೆಗೆ ಬಂದಿದ್ದ ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. "ಹತ್ತಿದ್ದಾಯ್ತು ಅಳಿಯಂದ್ರೇ, ಇಳ್ದದ್ದೆಲ್ಲಿ?" ಅಂದರು.

ನಮ್ಮ ಕಡೆ ಹೊಸಲು ದಾಟುವವರು "ಹೋಗ್ತೀನಿ" ಅನ್ನಬಾರದು, "ಹೋಗಿ ಬತ್ತೀನಿ" ಅನ್ನಬೇಕು. ಬರೀ ಹೋಗುವ ಮಾತು ಅಪಶಕುನ. ನನ್ನ ಹನ್ನೆರಡೂ ಬರೀ ಹೋಗುವವೇ ಆಗಿದ್ದವು.

"ಕಾಯಿಲೆ ಮಗೀನ ಮೇಲೆ ಕೂರ್ಸಿ ಬಂದ್ಬುಟ್ರಲ್ಲ!" ಅತ್ತೆ ಕೊನೆಯ ಫೋಟೋದತ್ತ ಬೆರಳು ತೋರಿಸಿದರು.

ನನಗೋ ಮೂಗಿನ ತುದಿಯಲ್ಲೇ ಕೋಪ. "ಫೋಟೋಗೂ ಶಕುನ ನೋಡ್ತಾರಾ?" ಅಂತ ರೇಗಿದೆ.

ಅವಳು ಮಾತ್ರ ನಗುತ್ತಲೇ ಇದ್ದಳು. "ಬುಡಮ್ಮ, ಮುಂದಿನ್ವಾರ ಇಳಿಸ್ತಾರೆ. ಅಲ್ಲೀಗಂಟ ತಣ್ಣಗೆ ಗಾಳಿ ಕುಡ್ಕೊಂಡು ಕೂತಿರ್ತೀನಿ."

ರೇಗಿದ್ದು ಬಾಯಿ. ಮನಸ್ಸು ವಾರವಿಡೀ ಹೆದರಿಕೊಂಡೇ ಇತ್ತು. ಭಾನುವಾರ ಮತ್ತೆ ಹೋದೆ. ಹತ್ತುವಾಗ ಕ್ಯಾಮೆರಾ ಮುಟ್ಟಲಿಲ್ಲ. ತುದಿಯಿಂದ ಶುರುಮಾಡಿ, ಕೂತು ನಿಂತು, ಕೋಟೆಬಾಗಿಲ ತನಕ ಅವಳನ್ನು ಇಳಿಸಿಕೊಂಡು ಬಂದೆ.

ಸಾಹೇಬರು ರೀಲು ತೊಳೆಯುವಷ್ಟರಲ್ಲಿ ಅವಳು ಹೊರಟುಹೋದಳು.

ತಿಥಿ ಮುಗಿದ ಮೇಲೆ ಸಾಹೇಬರೇ ಮನೆಗೆ ಬಂದು, ಫೋಟೋ ಕೈಗಿಟ್ಟು ಹೋದರು. ಅವಳ ಬರಿ ಮಂಚದ ಮೇಲೆ ಜೋಡಿಸಿದೆ. ಊರಿಗೆ ಹೊರಟು ನಿಂತಿದ್ದ ಅತ್ತೆ ಬಂದು ಪಕ್ಕದಲ್ಲಿ ಕೂತರು. ತುದಿಯಿಂದ ಬಾಗಿಲ ತನಕ ಎಲ್ಲವನ್ನೂ ನೋಡಿದರು.

"ಈ ಫೋಟೋಗಳ್ನ ನಂಗೆ ಕೊಡಪ್ಪ. ನನ್ ಮಗಳನ್ನ ಮನೆಗೆ ಕರ್ಕೊಂಡೋಯ್ತೀನಿ" ಅಂದರು.

ಕೊಡುವ ಮನಸ್ಸಿರಲಿಲ್ಲ. ಆದರೂ ಒಂದೊಂದಾಗಿ ಎತ್ತಿ ಅವರ ಕೈಗಿಟ್ಟೆ. ಅವರನ್ನು ಮಧುಗಿರಿ ಬಸ್ಸು ಹತ್ತಿಸಿ ಬಂದೆ. ಮನೆಯಲ್ಲಿ ಹತ್ತುವ ಫೋಟೋಗಳೂ ನಾನೂ ಉಳಿದೆವು.